ಬಾಗದ ಕಿರುಬೆರಳು

ಆ ವಿಡಿಯೋದಲ್ಲಿರುವ ಕೈ ನನ್ನದು. ಮುಖ ನನ್ನದಲ್ಲ, ದನಿಯೂ ನನ್ನದಲ್ಲ. ಕೈ ಮಾತ್ರ ನನ್ನದು.

ನನ್ನ ಹೆಸರು ಇಲುಮಿನಾಡಾ. ಪನಾಯ್ ದ್ವೀಪದ ಪಡುವಣ ಕರಾವಳಿಯಲ್ಲಿ ಹೆರಿಗೆ ನರ್ಸುಗಳನ್ನು ತಯಾರು ಮಾಡುವ ಒಂದು ಖಾಸಗಿ ಕಾಲೇಜಿದೆ. ಅಲ್ಲಿ ಹನ್ನೊಂದು ವರ್ಷ ಪಾಠ ಹೇಳಿದೆ. ಐದೈದು ತಿಂಗಳ ಕಾಗದದ ಮೇಲೆ ಹನ್ನೊಂದು ವರ್ಷ. ಐದು ತಿಂಗಳು ಮುಗಿದರೆ ಮನೆಗೆ, ಮತ್ತೆ ಕರೆದರೆ ಕಾಲೇಜಿಗೆ. ಕಾಯಂ ಮಾಡಬಾರದು ಅಂತ ಮಾಡಿಕೊಂಡ ಉಪಾಯ ಅದು.

ನಾನು ಆಟಿ ಬುಡಕಟ್ಟಿನವಳು. ಗುಡ್ಡದ ಜನ ನಾವು. ಕಪ್ಪು ಮೈ, ಗುಂಗುರು ಕೂದಲು. ವರ್ಷದ ಹಬ್ಬದಲ್ಲಿ ಇಡೀ ಊರು ಮುಖಕ್ಕೆ ಮಸಿ ಬಳಿದುಕೊಂಡು ನಮ್ಮ ಹಾಗೆ ಕುಣಿಯುತ್ತದೆ. ಸಂಜೆಗೆ ಮಸಿ ತೊಳೆದುಕೊಳ್ಳುತ್ತದೆ. ಮರುದಿನ ಜೀಪ್ನಿಯಲ್ಲಿ, ಅಂದರೆ ನಮ್ಮೂರ ಬಾಡಿಗೆ ಜೀಪಿನಲ್ಲಿ, ನನ್ನ ಪಕ್ಕದ ಸೀಟು ಖಾಲಿ ಇರುತ್ತದೆ.

ನನ್ನ ಅವ್ವ ಸೂಲಗಿತ್ತಿ. ಓದು ಬರಹ ಇಲ್ಲ. ಬಸುರಿಯ ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ, ಬೆನ್ನು ಎಲ್ಲಿದೆ ಹೇಳುತ್ತಿದ್ದಳು. ನನಗೆ ಕಲಿಸುವಾಗ ಬಾಯಿ ಬಿಡುತ್ತಿರಲಿಲ್ಲ. ನನ್ನ ಕೈ ಕೆಳಗೆ, ಅವಳ ಕೈ ಮೇಲೆ. ನಾನು ತಪ್ಪಿದರೆ ಮೇಲಿನ ಕೈ ಒತ್ತುತ್ತಿತ್ತು. ಮನೆ ಹೆರಿಗೆ ಮಾಡಿಸಿದರೆ ದಂಡ ಅಂತ ಕಾನೂನು ಬಂತು. ಅವಳ ಕೈ ಸುಮ್ಮನಾಯಿತು. ನಾನು ಓದಿದೆ, ಸರ್ಕಾರಿ ಪರೀಕ್ಷೆ ಪಾಸು ಮಾಡಿದೆ, ಪರವಾನಗಿ ಪಡೆದೆ. ಕಾಲೇಜಿಗೆ ಬಂದು ಊರಿನ ಹುಡುಗಿಯರ ಕೈ ಮೇಲೆ ನನ್ನ ಕೈ ಇಟ್ಟೆ. ಕೆಲವರು ಆಮೇಲೆ ಹೋಗಿ ಸೋಪು ಹಚ್ಚಿ ತೊಳೆದುಕೊಂಡರು. ಆದರೆ ಕಲಿತರು. ನನಗೆ ಅಷ್ಟು ಸಾಕಿತ್ತು.

ಮೂರು ವರ್ಷದ ಹಿಂದೆ ಡೀನ್ ಪಲ್ಮಾರೆಸ್ ನನ್ನನ್ನು ಕರೆದರು.

"ಇಂದಾಯ್, ನಿನ್ನ ಹೊಟ್ಟೆ ಪಾಠನ ವಿಡಿಯೋ ಮಾಡೋಣ ಅಂತಿದ್ದೀವಿ. ನಿನ್ನಷ್ಟು ಚೆನ್ನಾಗಿ ಯಾರೂ ಮಾಡಲ್ಲ."

ಇಂದಾಯ್ ಅಂದರೆ ಹುಡುಗಿ. ಮನೆಗೆಲಸದವಳನ್ನೂ ಹಾಗೇ ಕರೆಯುತ್ತಾರೆ. ಉಳಿದ ಮೇಷ್ಟರುಗಳಿಗೆಲ್ಲ ಡೀನ್ ಬಾಯಲ್ಲಿ ಸರ್, ಮ್ಯಾಮ್. ನಲವತ್ತು ದಾಟಿದ ನಾನು ಇಂದಾಯ್. ಆದರೂ ಆ ದಿನ ಹಿಗ್ಗಿದೆ. ಸುಳ್ಳು ಯಾಕೆ ಹೇಳಲಿ.

ಕ್ಯಾಮೆರಾದ ಮುಂದೆ ಒಬ್ಬ ಬಸುರಿಯನ್ನು ಮಲಗಿಸಿದರು. ನಾನು ಅಂಗೈ ಉಜ್ಜತೊಡಗಿದೆ. ಹೊಟ್ಟೆ ಮುಟ್ಟುವ ಮುಂಚೆ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳಬೇಕು. ತಣ್ಣನೆ ಕೈ ತಾಗಿದರೆ ಹೊಟ್ಟೆ ಬಿಗಿಯಾಗುತ್ತದೆ. ಬಿಗಿದ ಹೊಟ್ಟೆಯಲ್ಲಿ ಎಲ್ಲವೂ ಗಟ್ಟಿ. ತಲೆ ಯಾವುದು, ಕುಂಡೆ ಯಾವುದು, ದೇವರಿಗೂ ತಿಳಿಯುವುದಿಲ್ಲ.

ಡೀನ್ ತಡೆದರು. "ಕೈ ಸ್ವಲ್ಪ... ಹೇಗೆ ಹೇಳ್ಲಿ, ಬೆಳಕಿಗೆ ಸಿಗ್ತಾ ಇಲ್ಲ. ಗ್ಲೌಸ್ ಹಾಕ್ಕೊಂಡ್ಬಿಡು."

"ಹೊಟ್ಟೆ ಮುಟ್ಟೋಕೆ ಬರಿಗೈ ಬೇಕು ಮ್ಯಾಮ್. ಗ್ಲೌಸಲ್ಲಿ ಏನೂ ಗೊತ್ತಾಗಲ್ಲ."

"ವಿಡಿಯೋಗೆ ಅಷ್ಟೇ, ಇಂದಾಯ್."

ಗ್ಲೌಸ್ ಗಿಡ್ಡವಾಗಿತ್ತು. ಮಣಿಕಟ್ಟು ಕಾಣುತ್ತಿತ್ತು. ಅಲ್ಲಿಗೆ ಬಿಳಿ ಬ್ಯಾಂಡೇಜು ಸುತ್ತಿದರು. ಅದರ ಮೇಲೆ ಉದ್ದ ತೋಳಿನ ಕೋಟು. ನನ್ನ ಒಂದು ಕೂದಲೆಳೆಯಷ್ಟು ಚರ್ಮವೂ ಕಾಣದ ಹಾಗೆ ನೋಡಿಕೊಂಡರು. ಮುಖಕ್ಕೆ ಮತ್ತು ದನಿಗೆ ದಾಖಲಾತಿ ಕಚೇರಿಯ ಟ್ರಿಕ್ಸಿಯನ್ನು ಕರೆದರು. ಬೆಳ್ಳಗಿದ್ದಳು, ಅದೇ ಅವಳ ಅರ್ಹತೆ. ನಾನು ಬರೆದುಕೊಟ್ಟದ್ದನ್ನು ನಗುನಗುತ್ತಾ ಓದಿದಳು. ವಿಡಿಯೋ ಎಂಟು ನಿಮಿಷಕ್ಕೆ ಇಳಿಯಬೇಕು ಅಂತ ಕೈ ಉಜ್ಜುವ ಭಾಗವನ್ನು ಕತ್ತರಿಸಿದರು. ಅದರಲ್ಲಿ ಏನೂ ನಡೆಯುತ್ತಿಲ್ಲವಂತೆ. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಕೈ ಯಾರದ್ದೆಂದು ನಾನು ಎಲ್ಲೂ ಹೇಳಕೂಡದು.

ಮುಂದಿನ ಸೆಮಿಸ್ಟರಿನಲ್ಲಿ ಸಭೆ ಕರೆದರು. ನಾವು ಒಂಬತ್ತು ಜನ ಪಾಠದವರು. ಗೋಡೆಯ ಮೇಲೆ ಬಣ್ಣದ ಚಿತ್ರಗಳು.

"ಕಾಲ ಬದಲಾಗಿದೆ," ಅಂದರು ಡೀನ್. "ಇನ್ಮೇಲೆ ಇಲ್ಲಿ ಪಾಠ ಹೇಳೋರು ಅಂತ ಯಾರೂ ಇರಲ್ಲ. ವಿದ್ಯಾರ್ಥಿಗಳು ತಾವೇ ಕಲೀತಾರೆ. ನೀವೆಲ್ಲ ಸುಗಮಕಾರರು. ಪಕ್ಕದಲ್ಲಿ ನಿಂತು ದಾರಿ ಸುಗಮ ಮಾಡೋದಷ್ಟೇ ನಿಮ್ಮ ಕೆಲಸ."

ಕೇಳಲು ಚೆಂದವಿತ್ತು. ನನಗೂ ಒಪ್ಪಿಗೆಯೇ. ಮಕ್ಕಳು ತಾವೇ ಮುಟ್ಟಿ, ತಪ್ಪಿ, ಮತ್ತೆ ಮುಟ್ಟಿ ಕಲಿಯಬೇಕು. ನನ್ನ ಅವ್ವ ಕಲಿಸಿದ್ದು ಹಾಗೆಯೇ. ಆದರೆ ಅವಳ ಕೈ ನನ್ನ ಕೈ ಮೇಲೆ ಇತ್ತಲ್ಲ. ಈ ಸಭೆ ಮುಗಿದ ವಾರಕ್ಕೆ ಒಂಬತ್ತರಲ್ಲಿ ಆರು ಜನರಿಗೆ ಹೊಸ ಕಾಗದ ಬರಲಿಲ್ಲ. ಸುಗಮ ಆದದ್ದು ಯಾರಿಗೆ ಅಂತ ಆಗ ತಿಳಿಯಿತು.

ನನ್ನನ್ನು ಉಳಿಸಿಕೊಂಡರು. ನಾನು ಭಾರ ಹೊರುತ್ತೇನೆ. ರಬ್ಬರಿನ ಬಸುರಿ ಗೊಂಬೆಗಳು ನೆಲಮಾಳಿಗೆಯಲ್ಲಿ, ತರಗತಿ ಮೂರನೇ ಮಹಡಿಯಲ್ಲಿ. ಬೆಳಗ್ಗೆ ಒಂದೊಂದನ್ನೇ ಬೆನ್ನಿಗೆ ಹಾಕಿಕೊಂಡು ಹತ್ತುತ್ತಿದ್ದೆ. ನಲವತ್ತೆರಡು ಹುಡುಗಿಯರ ಹಾಜರಿ ಹಾಕುತ್ತಿದ್ದೆ. ಪರದೆ ಹಚ್ಚುತ್ತಿದ್ದೆ. ಟ್ರಿಕ್ಸಿ ಮಾತಾಡುತ್ತಿದ್ದಳು, ನನ್ನ ಕೈ ಆಡುತ್ತಿತ್ತು, ನಾನು ಬಾಗಿಲ ಬಳಿ ನೆಲ ಒರೆಸುವ ಮಾಪು ಹಿಡಿದು ನಿಂತಿರುತ್ತಿದ್ದೆ. ಸಂಜೆ ಗೊಂಬೆಗಳನ್ನು ಒರೆಸಿ ಮತ್ತೆ ಇಳಿಸುತ್ತಿದ್ದೆ. ರಬ್ಬರಿನ ಹೊಟ್ಟೆ ಎಂದೂ ಬಿಗಿಯುವುದಿಲ್ಲ. ನೋವು ಅನ್ನುವುದಿಲ್ಲ.

ಒಂದು ದಿನ ಕಂಡೆ. ಹುಡುಗಿಯರೆಲ್ಲ ಎಡಗೈ ಕಿರುಬೆರಳನ್ನು ನೆಟ್ಟಗೆ ಎತ್ತಿ ಹಿಡಿದು ಗೊಂಬೆಯ ಹೊಟ್ಟೆ ಮುಟ್ಟುತ್ತಿದ್ದರು. ನಲವತ್ತೆರಡು ಕಿರುಬೆರಳು.

ನನ್ನ ಎಡಗೈ ಕಿರುಬೆರಳು ಬಾಗುವುದಿಲ್ಲ. ಒಂಬತ್ತು ವರ್ಷದವಳಿದ್ದಾಗ ಪಕ್ಕದ ದ್ವೀಪಕ್ಕೆ ಕಬ್ಬು ಕಡಿಯಲು ಹೋಗಿದ್ದೆವು. ಲಾರಿಯ ಹಿಂಬಾಗಿಲು ಬೆರಳ ಮೇಲೆ ಬಿತ್ತು. ಮೇಸ್ತ್ರಿ ಬಟ್ಟೆ ಸುತ್ತಿ, ಹೊರೆ ಎತ್ತು ಅಂದ. ಬೆರಳು ಹಾಗೇ ನೆಟ್ಟಗೆ ಕೂಡಿಕೊಂಡಿತು. ಗ್ಲೌಸಿನೊಳಗೂ ಅದು ನೆಟ್ಟಗೇ ಇತ್ತು.

"ಯಾಕ್ರಮ್ಮ ಆ ಬೆರಳು?" ಅಂತ ಕೇಳಿದೆ.

ಮುಂದಿದ್ದವಳು ಕ್ರಿಸೆಲ್ ಉಯ್. ಪೇಟೆಯ ಹಾರ್ಡ್‌ವೇರ್ ಅಂಗಡಿಯವರ ಮಗಳು, ಜಾಣೆ, ತರಗತಿಗೆ ಮೊದಲಿಗಳು. "ಅದು ಪದ್ಧತಿ ಮ್ಯಾಮ್. ವಿಡಿಯೋಲಿ ಹಾಗೇ ಇದೆ. ಅಂಕದ ಪಟ್ಟಿಲೂ ಇದೆ ನೋಡಿ."

ನೋಡಿದೆ. ವಿಡಿಯೋ ನೋಡಿ ಯಾರೋ ಅಂಕದ ಪಟ್ಟಿ ಮಾಡಿದ್ದರು. 'ಎಡಗೈ ಕಿರುಬೆರಳು ನೇರ: ಎರಡು ಅಂಕ.'

ಮೊದಲು ನಗು ಬಂತು. ಆಮೇಲೆ ಅವರ ಅಂಗೈ ನೋಡಿದೆ. ಕಿರುಬೆರಳು ಎದ್ದರೆ ಅಂಗೈಯ ಹೊರ ಅಂಚು ಏಳುತ್ತದೆ. ಮಗುವಿನ ಬೆನ್ನು ಸಿಗುವುದು ಅದೇ ಅಂಚಿಗೆ. ನಾನು ಮೂವತ್ತು ವರ್ಷ ಸೆಣಸಿ ಬೇರೆ ದಾರಿ ಕಂಡುಕೊಂಡಿದ್ದೆ. ಈ ಮಕ್ಕಳು ಸರಿಯಾದ ಬೆರಳನ್ನು ಕುಂಟು ಮಾಡಿಕೊಂಡು ಕೂತಿದ್ದರು.

ಡೀನ್ ಹತ್ತಿರ ಹೋದೆ.

"ಅದರಿಂದ ಏನು ನಷ್ಟ, ಇಂದಾಯ್? ಎಲ್ಲರೂ ಒಂದೇ ಥರ ಮಾಡ್ತಾರಲ್ಲ, ಅದು ಮುಖ್ಯ. ಮತ್ತೆ ನೆನಪಿರಲಿ, ಕೈ ಯಾರದ್ದು ಅಂತ ಮಾತಾಡೋ ಹಾಗಿಲ್ಲ. ಮುಂದಿನ ಕಾಗದ ಜೂನಲ್ಲಿ ಬರತ್ತೆ."

ಬಾಯಿ ಮುಚ್ಚಿಕೊಂಡು ಬಂದೆ. ಇದನ್ನೂ ಹೇಳಬೇಕು. ಜೂನ್ ಅಂದ ಕೂಡಲೇ ಮುಚ್ಚಿಕೊಂಡೆ.

ಮಾರ್ಚಿನಲ್ಲಿ ತಪಾಸಣೆಯವರು ಬರುತ್ತಾರೆ ಅಂತಾಯಿತು. ಪ್ರತಿ ವಿದ್ಯಾರ್ಥಿನಿಯೂ ನಿಜವಾದ ಬಸುರಿಯರನ್ನು ಮುಟ್ಟಿರಬೇಕು, ಅದಕ್ಕೆ ಪರವಾನಗಿ ಇರುವ ಅಧ್ಯಾಪಕಿ ಸಹಿ ಹಾಕಿರಬೇಕು. ನಮ್ಮಲ್ಲಿ ಯಾರೂ ಯಾರನ್ನೂ ಮುಟ್ಟಿರಲಿಲ್ಲ. ಆಸ್ಪತ್ರೆಯವರು ಇಷ್ಟು ಜನರನ್ನು ಒಳಗೆ ಬಿಡುತ್ತಿರಲಿಲ್ಲ.

ಡೀನ್ ಹೇಳಿದರು, "ನಿಮ್ಮ ಗುಡ್ಡದ ಕಡೆ ಬಸುರಿಯರು ಇರ್ತಾರಲ್ಲ. ಒಂದು ಮೂರು ಜನನ್ನ ಕರ್ಕೊಂಡು ಬಾ. ಅಕ್ಕಿ ಕೊಡೋಣ, ಸಾರ್ಡೀನ್ ಡಬ್ಬಿ ಕೊಡೋಣ. ಅವರಿಗೂ ಉಪಕಾರ ಆಗತ್ತೆ."

ಹೋದೆ. ನನ್ನ ಭಾಷೆಯಲ್ಲೇ ಮಾತಾಡಿ ಮೂವರನ್ನು ಇಳಿಸಿಕೊಂಡು ಬಂದೆ. ಒಬ್ಬಳು ಲೊರ್ನಿ, ನನ್ನ ಸತ್ತ ಅಕ್ಕನ ಮಗಳು. ಎಂಟು ತಿಂಗಳು ತುಂಬಿತ್ತು.

"ಎಷ್ಟ್ ಜನ ಮುಟ್ತಾರೆ ಚಿಕ್ಕಮ್ಮ?"

"ಸ್ವಲ್ಪ ಜನ ಕಣೆ."

"ನೀನಿರ್ತೀಯಲ್ಲ?"

"ಇರ್ತೀನಿ."

ತಪಾಸಣೆಯ ದಿನ ಬೆಳಗ್ಗೆ ಹತ್ತಕ್ಕೆ ಮೂರನೇ ಮಹಡಿಯ ಕೋಣೆ ಮೈ ನಡುಗುವಷ್ಟು ತಣ್ಣಗಿತ್ತು. ತಪಾಸಣೆಯವಳು ಒಬ್ಬಳೇ ಬಂದಿದ್ದಳು, ಕನ್ನಡಕದ ಹೆಂಗಸು. ಅವಳಿಗಾಗಿ ಎಸಿ ಜೋರು ಮಾಡಿದ್ದರು. ಮೇಜಿನ ಮೇಲೆ ಶಾವಿಗೆ, ಅಕ್ಕಿ ಕಡುಬು. ಗೋಡೆಯ ಪರದೆಯಲ್ಲಿ ದನಿ ತೆಗೆದು ವಿಡಿಯೋ ಓಡುತ್ತಿತ್ತು, ಮುಗಿದರೆ ಮತ್ತೆ ಮೊದಲಿಂದ. ಮೂರು ಮಂಚ, ಮೂರು ಹೊಟ್ಟೆ. ಒಂದೊಂದರ ಮುಂದೆ ಬಿಳಿ ಉಡುಪಿನ ಹುಡುಗಿಯರ ಸಾಲು.

ನನ್ನನ್ನು ಮೂಲೆಯಲ್ಲಿ ನಿಲ್ಲಿಸಿದರು. ಗ್ಲೌಸ್ ಹಾಕಿಸಿದರು, ಅಂದವಾಗಿ ಕಾಣಲಿ ಅಂತ. "ಸುಗಮಕಾರರು ಮುಟ್ಟಬಾರದು, ಮಾತಾಡಬಾರದು," ಅಂದರು ಡೀನ್. "ಮಕ್ಕಳು ಸ್ವತಂತ್ರವಾಗಿ ಮಾಡೋದನ್ನ ತಪಾಸಣೆಯವರು ನೋಡ್ಬೇಕು."

ಲೊರ್ನಿಯ ಮಂಚಕ್ಕೆ ಮೊದಲು ಬಂದವಳು ಕ್ರಿಸೆಲ್. ಕೈಗೆ ಸೋಂಕು ತಡೆಯುವ ತಣ್ಣನೆ ಜೆಲ್ ಹಚ್ಚಿ, ಮೇಲೆ ಗ್ಲೌಸ್ ಎಳೆದುಕೊಂಡು, ಕಿರುಬೆರಳು ಎತ್ತಿ, ನೇರ ಹೊಟ್ಟೆಯ ಮೇಲಿಟ್ಟಳು. ಲೊರ್ನಿ ಬೆಚ್ಚಿದಳು. ಹೊಟ್ಟೆ ಬಿಗಿಯಿತು. ಮೂಲೆಯಿಂದಲೇ ನನಗೆ ಕಂಡಿತು. ಕ್ರಿಸೆಲ್ ಮೇಲೆ ಒತ್ತಿದಳು, ಪಕ್ಕ ಒತ್ತಿದಳು, ಕೆಳಗೆ ಒತ್ತಿದಳು. ಹಾಳೆಯ ಮೇಲೆ ಬರೆದಳು: ತಲೆ ಕೆಳಗೆ. ಎರಡನೆಯವಳು ಬಂದಳು, ಕ್ರಿಸೆಲ್ ಹಾಳೆ ಇಣುಕಿದಳು, ಬರೆದಳು: ತಲೆ ಕೆಳಗೆ. ಮೂರನೆಯವಳು. ನಾಲ್ಕನೆಯವಳು. ಯಾರೂ ಲೊರ್ನಿಯ ಮುಖ ನೋಡಲಿಲ್ಲ. ಹೆಸರು ಕೇಳಲಿಲ್ಲ. ಅವಳು ಸೆರಗಿನಂತೆ ಹೊದ್ದಿದ್ದ ಬಟ್ಟೆಯ ತುದಿಯನ್ನು ಕಚ್ಚಿ ಹಿಡಿದಿದ್ದಳು.

ಹದಿನಾಲ್ಕು ಜನ ಮುಗಿದರು. ಹದಿನಾಲ್ಕು ಹಾಳೆ, ತಲೆ ಕೆಳಗೆ. ಅದನ್ನೇ ನಂಬಿ ಕಚೇರಿಯವರು ಲೊರ್ನಿಯ ತಾಯಿ ಕಾರ್ಡಿಗೂ ಸೀಲು ಒತ್ತಿದರು.

ತಪಾಸಣೆಯವಳು ತಟ್ಟೆ ಹಿಡಿದೇ ಹತ್ತಿರ ಬಂದಳು. "ಎಲ್ಲರೂ ಕಿರುಬೆರಳು ಎತ್ತಿ ಹಿಡೀತಾರಲ್ಲ, ಯಾಕೆ?"

"ನಮ್ಮ ಕಾಲೇಜಿನ ವಿಶೇಷ ಪದ್ಧತಿ ಮ್ಯಾಮ್," ಅಂದರು ಡೀನ್.

ಅವಳು ತಲೆದೂಗಿ ಪುಸ್ತಕದಲ್ಲಿ ಬರೆದುಕೊಂಡಳು. ನನ್ನ ಮೂಲೆಯ ಪಕ್ಕದಲ್ಲೇ ನಿಂತಿದ್ದಳು, ಇಣುಕಿ ಓದಿದೆ. 'ಉತ್ತಮ ಏಕರೂಪತೆ.'

ಲೊರ್ನಿ ನನ್ನ ಕಡೆ ಕತ್ತು ತಿರುಗಿಸಿದಳು. ನಮ್ಮ ಭಾಷೆಯಲ್ಲಿ ಹೇಳಿದಳು, "ಚಿಕ್ಕಮ್ಮ, ಮಗು ತಲೆ ಇಲ್ಲಿ ಪಕ್ಕೆಗೆ ಒತ್ತುತೈತೆ. ವಾರದಿಂದ ಉಸ್ರು ಬಿಡಕ್ಕಾಗ್ತಿಲ್ಲ. ಇವ್ರೆಲ್ಲ ಏನ್ ಹುಡುಕ್ತಾವ್ರೆ ಕೆಳಗೆ? ನನ್ನ ಕೇಳಕ್ಕೆ ಇವ್ರಿಗೆ ಬಾಯಿಲ್ವಾ?"

ಕೇಳಲು ನನಗೂ ಬಾಯಿ ಇರಲಿಲ್ಲವಲ್ಲ.

ಮೂಲೆ ಬಿಟ್ಟು ಬಂದೆ. ಗ್ಲೌಸ್ ಕಿತ್ತೆ. ಅಂಗೈ ಉಜ್ಜಿದೆ, ಚೆನ್ನಾಗಿ ಬಿಸಿಯಾಗುವಷ್ಟು. ಹೊಟ್ಟೆಯ ಮೇಲೆ ಕೈ ಇಟ್ಟು ಸುಮ್ಮನೆ ಕಾದೆ. ಲೊರ್ನಿ ಉಸಿರು ಬಿಟ್ಟಳು. ಹೊಟ್ಟೆ ಸಡಿಲವಾಯಿತು. ಪಕ್ಕೆಲುಬಿನ ಕೆಳಗೆ ಗುಂಡಗೆ, ಗಟ್ಟಿಯಾಗಿ, ತಟ್ಟಿದರೆ ತಾನೊಂದೇ ಅಲುಗುವ ತಲೆ. ಕೆಳಗೆ ಮೆತ್ತನೆ ಕುಂಡೆ. ಮಗು ಕೂತಿತ್ತು.

ಡೀನ್ ಕಿವಿಯಲ್ಲಿ ಹೇಳಿದೆ. "ಮ್ಯಾಮ್, ಮಗು ತಿರುಗಿಲ್ಲ. ಹದಿನಾಲ್ಕು ಜನರದ್ದೂ ತಪ್ಪು."

"ಆಮೇಲೆ ನೋಡೋಣ. ಹೋಗಿ ನಿಂತ್ಕೋ."

"ತಾಯಿ ಕಾರ್ಡಲ್ಲೂ ತಲೆ ಕೆಳಗೆ ಅಂತ ಸೀಲು ಬಿದ್ದಿದೆ. ಆ ಕಾರ್ಡ್ ನಂಬಿ ನಮ್ಮ ಗುಡ್ಡದ ಹೆರಿಗೆ ಕೇಂದ್ರದಲ್ಲೇ ಮಲಗಿಸ್ತಾರೆ. ಅಲ್ಲಿ ಡಾಕ್ಟರಿಲ್ಲ, ಇಲ್ಲಿ ಕಲಿತು ಹೋದ ಇಂಥ ಹುಡುಗೀರೇ ಇರ್ತಾರೆ."

"ಆಮೇಲೆ ಅಂದ್ನಲ್ಲ. ಮೊದ್ಲು ಕೂತು ಸಹಿ ಹಾಕು. ನಲವತ್ತೆರಡು ಇದೆ. ಅವರು ಊಟಕ್ಕೆ ಏಳೋದ್ರೊಳಗೆ ಮುಗಿಸು."

ಪೆನ್ನು ನನ್ನ ಕೈಗೆ ತುರುಕಿದರು.

ನನ್ನಕ್ಕನ ಕಾರ್ಡಿನಲ್ಲೂ ತಲೆ ಕೆಳಗೆ ಅಂತಲೇ ಬರೆದಿತ್ತು. ಲೊರ್ನಿಗೆ ಆಗ ನಾಲ್ಕು ವರ್ಷ. ಅವ್ವ ಮುಟ್ಟಿ ನೋಡಿ, ಇಲ್ಲ, ಮಗು ಕೂತಿದೆ ಅಂದಳು. ಹೆರಿಗೆ ಕೇಂದ್ರದವರು ಕಾರ್ಡು ತೋರಿಸಿ, ಮುದುಕಿ ನಿನಗೇನು ಗೊತ್ತು ಅಂದರು. ಕಾಲು ಮುಂದಾಗಿ ಬಂದ ಮಗು ಕತ್ತಿನಲ್ಲಿ ಸಿಕ್ಕಿಕೊಂಡಿತು. ತಾಯಿ ಮಗು ಇಬ್ಬರನ್ನೂ ಒಂದೇ ಚಾಪೆಯಲ್ಲಿ ಗುಡ್ಡ ಹತ್ತಿಸಿದೆವು. ಹೊತ್ತವರಲ್ಲಿ ನಾನೂ ಒಬ್ಬಳು.

ಪಟ್ಟಿಯ ಮುಂದೆ ಕೂತೆ. ಡೀನ್ ಮೇಲಿಂದ ನೋಡುತ್ತಿದ್ದರು. ನಾನು ಬರೆಯುತ್ತಿದ್ದುದು ಕಂಡು ಸಮಾಧಾನವಾಗಿ ತಪಾಸಣೆಯವಳಿಗೆ ಕಾಫಿ ತರಿಸಲು ಹೋದರು. ಒಂದೊಂದು ಹೆಸರಿನ ಮುಂದೆಯೂ ಬರೆದೆ. ಅವಸರ ಮಾಡಲಿಲ್ಲ. ಅಕ್ಷರ ದುಂಡಗೆ ಬಂತು. ಕೆಳಗೆ ನನ್ನ ಪೂರ್ತಿ ಹೆಸರು, ಪರವಾನಗಿ ಸಂಖ್ಯೆ. ಆಮೇಲೆ ಲೊರ್ನಿಯ ಕಾರ್ಡು ತೆಗೆದುಕೊಂಡು ಸೀಲು ಬಿದ್ದ ಜಾಗವನ್ನು ಹೊಡೆದು ಹಾಕಿದೆ. 'ತಲೆ ಮೇಲೆ. ಜಿಲ್ಲಾ ಆಸ್ಪತ್ರೆಗೆ ಮಾತ್ರ.' ಅಲ್ಲೂ ನನ್ನ ಹೆಸರು.

ಡೀನ್ ಬಂದು ಪಟ್ಟಿ ಎತ್ತಿಕೊಂಡರು. ಓದಿದರು. ಮುಖದ ಬಣ್ಣ ಹೋಯಿತು.

"ಏನಿದು?"

"ಓದಿ ಮ್ಯಾಮ್."

"ಏನಿದು ಅಂದೆ."

ನಾನೇ ಗಟ್ಟಿಯಾಗಿ ಹೇಳಿದೆ. "ಕಲಿಸಿಲ್ಲ. ನಲವತ್ತೆರಡು ಜನರ ಮುಂದೂ ಅದನ್ನೇ ಬರ್ದಿದ್ದೀನಿ. ಈ ಮಕ್ಕಳಿಗೆ ನಾವು ಕಲಿಸಿಲ್ಲ."

ಡೀನ್ ಹಲ್ಲು ಕಚ್ಚಿ ಹೇಳಿದರು, "ಹೋಗಲಿ ಪಾಪ ಅಂತ ಗುಡ್ಡದಿಂದ ಕರ್ಕೊಂಡು ಬಂದು ಕುರ್ಚಿ ಕೊಟ್ವಿ. ಇದಾ ನಿನ್ನ ಬುದ್ಧಿ? ಕಲಿಸಿಲ್ಲ ಅನ್ನೋಕೆ ನೀನು ಯಾರು? ಕಲಿಸೋದು ನಿನ್ನ ಕೆಲಸಾನೇ ಅಲ್ಲ. ವಿಡಿಯೋ ಕಲಿಸಿದೆ."

"ವಿಡಿಯೋಲಿರೋದು ಯಾರ ಕೈ ಮ್ಯಾಮ್?"

"ಇಂದಾಯ್, ಬಾಯಿ ಮುಚ್ಚು."

"ನನ್ನ ಹೆಸರು ಇಲುಮಿನಾಡಾ."

ಎಡಗೈ ಎತ್ತಿದೆ. ಬರಿಗೈ, ಕಪ್ಪು ಕೈ. ಐದು ಬೆರಳೂ ಮಡಚಿದೆ. ನಾಲ್ಕು ಮಡಚಿಕೊಂಡವು. ಹಿಂದಿನ ಪರದೆಯಲ್ಲಿ ಬಿಳಿ ಗ್ಲೌಸಿನ ಕೈ ಹೊಟ್ಟೆಯ ಮೇಲೆ ಇಳಿಯುತ್ತಿತ್ತು, ಅದೇ ಬೆರಳು ನೆಟ್ಟಗೆ. ಹುಡುಗಿಯರು ಪರದೆ ನೋಡಿದರು. ನನ್ನ ಕೈ ನೋಡಿದರು. ತಮ್ಮ ಕೈ ನೋಡಿಕೊಂಡರು.

ಕ್ರಿಸೆಲ್ ಮೆಲ್ಲಗೆ ಕೇಳಿದಳು, "ಅದು ನಿಮ್ಮ ಕೈನಾ ಮ್ಯಾಮ್?"

"ನಂದೇ. ಕಬ್ಬಿನ ಲಾರಿ ಬಾಗಿಲಿಗೆ ಸಿಕ್ಕಿ ಮುರಿದ ಬೆರಳು. ಅದಕ್ಕೆ ನಿಮಗೆ ಎರಡು ಅಂಕ."

ಯಾರೋ ಹಿಂದೆ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ತಪಾಸಣೆಯವಳು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು. "ಇದು ನಿಮ್ಮ ಒಳಗಿನ ವಿಷಯ," ಅಂದಳು ಡೀನ್‌ಗೆ. "ನಾನು ಬರ್ಕೊಳ್ಳಲ್ಲ. ಊಟದ ಹೊತ್ತಾಯ್ತಲ್ಲ." ಏಕರೂಪತೆ ಬರೆದುಕೊಳ್ಳಲು ಅವಳ ಪೆನ್ನಿಗೆ ಶಾಯಿ ಇತ್ತು.

ಇಪ್ಪತ್ತು ನಿಮಿಷಕ್ಕೆ ನಾನು ಗೇಟಿನ ಹೊರಗಿದ್ದೆ. ಕಾವಲುಗಾರ ನನ್ನ ಕೊರಳಿನ ಗುರುತಿನ ಚೀಟಿ ಬಿಚ್ಚಿಸಿಕೊಂಡ. "ಕ್ಷಮಿಸಿ ಮಾನಂಗ್, ಮೇಲಿಂದ ಹೇಳಿದ್ದಾರೆ," ಅಂದ. ಮಾನಂಗ್ ಅಂದರೆ ಅಕ್ಕ. ಹನ್ನೊಂದು ವರ್ಷದಲ್ಲಿ ಆ ಗೇಟಿನಲ್ಲಿ ನನ್ನನ್ನು ಅಕ್ಕ ಅಂದವನು ಅವನೊಬ್ಬ. ಉಳಿದ ಇಬ್ಬರು ಬಸುರಿಯರು ತಮ್ಮಷ್ಟಕ್ಕೆ ತಾವೇ ಮಂಚ ಇಳಿದು ಬಂದಿದ್ದರು. ಅಕ್ಕಿ ಕೊಡಲಿಲ್ಲ. ಲೊರ್ನಿ ಗೋಡೆಯ ನೆರಳಿನ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದಳು. ಆಸ್ಪತ್ರೆಗೆ ಹೋಗುವ ಜೀಪ್ನಿಗೆ ಕಾಯುತ್ತಿದ್ದೆವು.

"ಕೆಲ್ಸ ಹೋಯ್ತಾ ಚಿಕ್ಕಮ್ಮ?"

"ಹೋಯ್ತು."

"ನನ್ನಿಂದ."

"ಥೂ, ಮುಚ್ಚು ಬಾಯಿ. ನಿನ್ನ ಕರ್ಕೊಂಡ್ಬಂದವಳೇ ನಾನು. ನಿನ್ನ ಮುಂದೆ ತಲೆ ಎತ್ತಕ್ಕಾಗ್ತಿಲ್ಲ ನಂಗೆ."

ಗೇಟು ದಾಟಿ ಕ್ರಿಸೆಲ್ ಓಡಿ ಬಂದಳು. ಕಣ್ಣು ಕೆಂಪಾಗಿದ್ದವು. ನಾಚಿಕೆಯಿಂದ ಅಂದುಕೊಂಡೆ. ಅಲ್ಲ, ಸಿಟ್ಟಿನಿಂದ.

"ಏನ್ ಮಾಡಿಬಿಟ್ರಿ ಮ್ಯಾಮ್? ಸಹಿ ಇಲ್ದೆ ನಮ್ಮ ಹಾಳೆ ಎಲ್ಲ ರದ್ದಾಯ್ತು. ಪರೀಕ್ಷೆಗೆ ಕೂರೋ ಹಾಗಿಲ್ಲ. ನಾವೇನು ತಪ್ಪು ಮಾಡಿದ್ವಿ? ಹೇಳಿದ ಹಾಗೆ ಮಾಡಿದ್ವಲ್ಲ. ನೀವು ಮೊದ್ಲೇ ಹೇಳ್ಬಾರದಿತ್ತಾ? ಎರಡು ವರ್ಷ ಬಾಗಿಲ ಹತ್ರ ನಿಂತು ನೋಡ್ತಾ ಇದ್ರಲ್ಲ."

ಕೆನ್ನೆಗೆ ಹೊಡೆದ ಹಾಗಾಯಿತು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ.

"ನೋಡ್ತಾ ಇದ್ದೆ," ಅಂದೆ. "ಹೆದರ್ಕೊಂಡಿದ್ದೆ. ಅದು ನನ್ನ ತಪ್ಪು, ನಿನ್ನದಲ್ಲ. ಈಗ ನೀನು ಹೇಳು. ಬೆಳಗ್ಗೆ ತಲೆ ಕೆಳಗೆ ಅಂತ ಬರೆದೆಯಲ್ಲ, ಕೈಗೆ ಸಿಕ್ಕಿತ್ತಾ?"

ಅವಳು ತನ್ನ ಗ್ಲೌಸಿನ ಕೈ ನೋಡಿಕೊಂಡಳು.

"ಇಲ್ಲ," ಅಂದಳು. "ಎಲ್ಲಾ ಗಟ್ಟಿ ಇತ್ತು. ಏನೂ ಗೊತ್ತಾಗ್ಲಿಲ್ಲ. ಸಾಮಾನ್ಯವಾಗಿ ತಲೆ ಕೆಳಗೇ ಇರತ್ತಲ್ಲ ಅಂತ ಬರೆದೆ."

ಲೊರ್ನಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಈ ಸಲ ನಮ್ಮ ಭಾಷೆಯಲ್ಲಿ ಅಲ್ಲ, ಪೇಟೆಯ ಭಾಷೆಯಲ್ಲೇ ಕೇಳಿದಳು, "ನಿನ್ನ ಹೆಸ್ರೇನು?"

"ಕ್ರಿಸೆಲ್."

"ನಂದು ಲೊರ್ನಿ. ಕೇಳಲಿಲ್ಲ ನೀನು."

ಕ್ರಿಸೆಲ್ ತಲೆ ತಗ್ಗಿಸಿದಳು. ಆಮೇಲೆ ಗ್ಲೌಸನ್ನು ಒಂದೊಂದಾಗಿ ಕಿತ್ತು ಕಿಸೆಗೆ ಹಾಕಿಕೊಂಡಳು. ಬೆಂಚಿನ ಮುಂದೆ ಮಣ್ಣಿನಲ್ಲೇ ಮಂಡಿಯೂರಿದಳು. ಬಿಳಿ ಉಡುಪು ಕೆಂಪಾಯಿತು.

"ಮಾನಂಗ್ ಲೊರ್ನಿ," ಅಂದಳು, "ನಾನೊಂದ್ಸಲ ಮುಟ್ಟಲಾ?"

ಲೊರ್ನಿ ನನ್ನ ಮುಖ ನೋಡಿದಳು. ಹೊಟ್ಟೆ ಅವಳದು.

"ಕೈ ಬಿಸಿ ಮಾಡ್ಕೋ ಮೊದ್ಲು," ಅಂದಳು ಲೊರ್ನಿ, ಬೆಂಚಿನ ಮೇಲೆ ಹಿಂದಕ್ಕೆ ಒರಗುತ್ತಾ.

ಕ್ರಿಸೆಲ್ ಅಂಗೈ ಉಜ್ಜಿದಳು. ಮತ್ತೆ ಮತ್ತೆ ಉಜ್ಜಿದಳು. ಕೈಯನ್ನು ಪಕ್ಕೆಲುಬಿನ ಕೆಳಗೆ ಇಟ್ಟು ಕಾದಳು. ನಾನು ಬಗ್ಗಿ ಅವಳ ಕೈ ಮೇಲೆ ನನ್ನ ಕೈ ಇಟ್ಟೆ. ಅವಳು ಎಳೆದುಕೊಳ್ಳಲಿಲ್ಲ. ಆದರೆ ಕಿರುಬೆರಳು ಮಾತ್ರ ಇನ್ನೂ ಹಾಗೇ ಎದ್ದು ನಿಂತಿತ್ತು, ಎರಡು ವರ್ಷದ ಅಭ್ಯಾಸ. ಅದನ್ನು ಹಿಡಿದು ಹೊಟ್ಟೆಯ ಮೇಲೆ ಒತ್ತಿದೆ.

"ಮುರಿದದ್ದು ನನ್ನ ಬೆರಳು," ಅಂದೆ. "ನಿನ್ನದು ನೆಟ್ಟಗಿದೆ. ಬಾಗಿಸು."